ಉರಿಯದ ಬಿಳಿ ಅರಿವೆ

ಗುಂಡಿಗೆ ಬೆಂಕಿ ಬಿದ್ದ ಮೇಲಿನ ಒಂಬತ್ತನೆಯ ವರ್ಷ, ಕಾಲುವೆ ಹಸಿರಾಗಿ ಹರಿಯುವ ವಾರ.
ನಿಮ್ಮ ಲೆಕ್ಕಕ್ಕೆ ಎರಡು ಸಾವಿರದ ಇನ್ನೂರ ಎಂಬತ್ತರ ಆಸುಪಾಸು.
ಕೆಂಪುಗುಂಡಿ.

ನನಗಿಂತ ಬಹಳ ಮುಂಚೆ ಬದುಕಿದವರಿಗೆ,

ನನ್ನ ಮಾತು ಒರಟಾಗಿ ಕಂಡರೆ, ಕೆಲವು ಪದಗಳು ತಿಳಿಯದೆ ಹೋದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಅಂಗಿಗಳ ಎದೆಯ ಮೇಲೆ, ಅಂಗಡಿಯ ಬಟ್ಟೆ ಚೀಲಗಳ ಮೇಲೆ ಅಚ್ಚಾದ ಅಕ್ಷರಗಳಿಂದ. ಶಾಲೆಗೆ ಹೋಗಿದ್ದೆ, ಬಿಟ್ಟೆ. ನಿಮ್ಮ ಉಡುಪುಗಳ ಒಳಮಗ್ಗುಲಿಗೆ ಹೊಲಿದಿರುವ ಪಟ್ಟಿಯ ಚಿತ್ರಗಳನ್ನು ನಮ್ಮ ಮೇಷ್ಟ್ರು ಹಿಂದಿನವರ ಧರ್ಮೋಪದೇಶ ಎಂದು ಕಲಿಸುತ್ತಿದ್ದರು. ನೀರಿನ ಬಾನಿಯಲ್ಲಿ ಕೈ ಇದ್ದರೆ ಸತ್ತವರಿಗೆ ಸ್ನಾನ ಮಾಡಿಸು ಎಂದು, ಮುಕ್ಕೋನದ ಮೇಲೆ ಗೆರೆ ಎಳೆದಿದ್ದರೆ ಬೆಟ್ಟ ಹತ್ತಬೇಡ ಎಂದು ಅರ್ಥವಂತೆ. ‘ಧರ್ಮೋಪದೇಶಾನ ಚಡ್ಡಿ ಒಳಗ ಯಾಕ ಹೊಲಿದ್ರು ಸರ?’ ಎಂದು ಕೇಳಿದೆ. ಅವರು ಮಗ್ಗದ ಕೋಲಿನಿಂದ ಹೊಡೆದರು. ನಾನು ಕೋಲು ಕಿತ್ತುಕೊಂಡು ತಿರುಗಿ ಹೊಡೆದೆ. ಅಲ್ಲಿಗೆ ನನ್ನ ಓದು ಮುಗಿಯಿತು. ನನ್ನ ಹೆಸರು ಹುಲುಗಿ. ಮದುವೆಯ ವಯಸ್ಸು ಬಂದಿದೆ ಎಂದು ಅವ್ವ ಹೇಳುತ್ತಿದ್ದಳು. ಈಗ ಅವಳು ನನ್ನೊಡನೆ ಮಾತನಾಡುವುದಿಲ್ಲ. ಯಾಕೆ ಎಂಬುದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನಾವಿರುವ ಜಾಗ ನಿಮ್ಮ ಕಾಲದಲ್ಲಿ ಬಳ್ಳಾರಿ ಸೀಮೆಯ ಒಂದು ಕಬ್ಬಿಣದ ಗಣಿಯಾಗಿತ್ತು. ನೀವು ಅದಿರು ತೆಗೆದಿರಿ, ಗುಂಡಿ ಉಳಿಯಿತು, ಆ ಗುಂಡಿಗೆ ನಿಮ್ಮ ಹಳೆಯ ಬಟ್ಟೆ ಸುರಿದಿರಿ. ಬಿಸಾಡುವುದಕ್ಕಲ್ಲ, ಮರುಬಳಕೆಗೆ ಎಂದು ಹೇಳಿಯೇ ಜನರಿಂದ ಬಟ್ಟೆ ಕೂಡಿಸಿದ್ದರಂತೆ. ಒಳ್ಳೆಯದನ್ನು ಆರಿಸಿ ಮಾರಿದರು, ಹರಿದದ್ದನ್ನು ಕಂಬಳಿಗೂ ಒರೆಸುವ ಅರಿವೆಗೂ ಕಳಿಸಿದರು, ಯಾವುದಕ್ಕೂ ಬಾರದ್ದು ಇಲ್ಲಿಗೆ ಬಂತು. ಬಾರದ್ದೇ ಹೆಚ್ಚಾಗಿತ್ತು. ಹತ್ತಿಯೂ ಪ್ಲಾಸ್ಟಿಕ್ಕೂ ಒಂದೇ ನೂಲಿನಲ್ಲಿ ಹೆಣೆದುಕೊಂಡಿದ್ದರೆ ಯಾರು ಬಿಡಿಸುತ್ತಾರೆ? ಈಗ ನಾವು ಬಿಡಿಸುತ್ತೇವೆ. ಹತ್ತಿ ಬೆಳೆಯುವಷ್ಟು ನೀರು ಈ ಸೀಮೆಯಲ್ಲಿ ಉಳಿದಿಲ್ಲ. ಹುಟ್ಟಿದ ಕೂಸಿಗೆ ಸುತ್ತುವ ತುಂಡೂ ಹೆಣಕ್ಕೆ ಹೊದಿಸುವ ತುಂಡೂ ನಿಮ್ಮ ಗುಂಡಿಯಿಂದಲೇ ಬರಬೇಕು. ಇದನ್ನು ಅರಿವೆ ಗಣಿ ಎನ್ನುತ್ತೇವೆ. ಗಂಡಸರು ಉದ್ದನೆಯ ಕಬ್ಬಿಣದ ಕೊಕ್ಕೆ ಹಿಡಿದು ಇಳಿದು, ಒತ್ತಿ ಒತ್ತಿ ಬಂಡೆಯಾಗಿರುವ ಬಟ್ಟೆಯನ್ನು ಪದರ ಪದರವಾಗಿ ಎಬ್ಬಿಸುತ್ತಾರೆ. ಹೆಂಗಸರು ಅಂಗಿಗಳ ಬಟನ್ನು, ಜಿಪ್ಪು ಕತ್ತರಿಸಿ, ಬಣ್ಣ ಬಣ್ಣ ಬೇರೆ ಮಾಡಿ, ಸುಣ್ಣದ ತೊಟ್ಟಿಯಲ್ಲಿ ನೆನೆಹಾಕಿ ತೊಳೆಯುತ್ತಾರೆ. ಆಮೇಲೆ ಅದು ಹಲ್ಲುಗಾಲಿಗೆ ಹೋಗುತ್ತದೆ. ಹಲ್ಲುಗಾಲಿ ಎಂದರೆ ಮೈತುಂಬ ಮೊಳೆ ಬಡಿದ ದೊಡ್ಡ ಪೀಪಾಯಿ. ಅದು ತಿರುಗುತ್ತ ಬಟ್ಟೆಯನ್ನು ಸೀಳಿ ಸೀಳಿ ಅರಳೆ ಮಾಡುತ್ತದೆ. ನಿಮ್ಮ ಬಿಗಿ ಉಡುಪುಗಳಲ್ಲಿ ಎಳೆದರೆ ಹಿಗ್ಗುವ ಒಂದು ನೂಲು ಇರುತ್ತದಲ್ಲ, ಅದಕ್ಕೆ ನಾವು ಹಾವೆಳೆ ಎನ್ನುತ್ತೇವೆ. ಅದು ಸೀಳುವುದಿಲ್ಲ. ಮೊಳೆಗೆ ಸುತ್ತಿಕೊಂಡು, ಬಿಡಿಸಲು ಹೋದವರ ಕೈಗೂ ಸುತ್ತಿಕೊಂಡು ಒಳಕ್ಕೆ ಎಳೆಯುತ್ತದೆ. ನಮ್ಮ ಊರಿನಲ್ಲಿ ಎರಡೂ ಕೈ ನೆಟ್ಟಗಿರುವವನನ್ನು ಕಂಡರೆ ಕೆಲಸಗಳ್ಳ ಎಂದು ನಗುತ್ತಾರೆ.

ತೊಟ್ಟಿಯ ನೀರು ಕಾಲುವೆಗೆ ಹೋಗುತ್ತದೆ. ಒಂದೊಂದು ವಾರ ಒಂದೊಂದು ಬಣ್ಣದ ಬಟ್ಟೆ ತೊಳೆಯುವುದರಿಂದ ಕಾಲುವೆ ಒಂದೊಂದು ವಾರ ಒಂದೊಂದು ಬಣ್ಣ. ನಮಗೆ ವಾರದ ಹೆಸರುಗಳೇ ಅವು. ನೀಲಿ ವಾರ ಎಲ್ಲಕ್ಕಿಂತ ಉದ್ದ, ನಿಮ್ಮ ಜೀನ್ಸ್ ಮುಗಿಯುವುದೇ ಇಲ್ಲ. ಕಾಲುವೆಯ ಕೆಳಗೆ ಕೆಳದಂಡೆ ಎಂಬ ಊರಿದೆ. ಅವರು ಆ ನೀರಿನಲ್ಲಿ ಸಜ್ಜೆ ಬೆಳೆಯುತ್ತಾರೆ, ಮೀನು ಹಿಡಿಯುತ್ತಾರೆ, ಬೇಸಿಗೆಯಲ್ಲಿ ಅದನ್ನೇ ಮರಳಿನಲ್ಲಿ ಸೋಸಿ ಕುಡಿಯುತ್ತಾರೆ. ಮೀನಿನ ಹೊಟ್ಟೆ ಸೀಳಿದರೆ ದಾರದ ಉಂಡೆ ಇರುತ್ತದೆ. ಅವರು ಬೆಳೆದದ್ದನ್ನು ನಾವು ತಿನ್ನುತ್ತೇವೆ, ನಾವು ನೇಯ್ದದ್ದನ್ನು ಅವರು ಉಡುತ್ತಾರೆ, ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ಅವರಿಗೆ ನಾವು ಚಿಂದಿಯವರು. ನಮಗೆ ಅವರು ಕೆಸರುಬಾಯಿಗಳು. ಕಪ್ಪು ನೀರು ಬಿಟ್ಟರೆ ಅವರು ಬಂದು ನಮ್ಮ ತೊಟ್ಟಿ ಒಡೆಯುತ್ತಾರೆ. ತೊಟ್ಟಿ ಒಡೆದರೆ ನಮ್ಮವರು ಹೋಗಿ ಅವರ ಎತ್ತಿನ ಹಿಂಗಾಲಿನ ನರ ಕತ್ತರಿಸುತ್ತಾರೆ. ನನ್ನ ಸೋದರಮಾವನ ತಲೆ ಸಜ್ಜೆಯ ಹೊಲದಲ್ಲಿ ಸಿಕ್ಕಿತ್ತು, ಮುಂಡ ಸಿಗಲಿಲ್ಲ.

ಇಷ್ಟೆಲ್ಲ ಇದ್ದೂ ಒಂದು ಪದ್ಧತಿ ಎರಡೂ ಊರುಗಳನ್ನು ಉಳಿಸಿಕೊಂಡು ಬಂದಿತ್ತು. ಅದು ಬಿಳಿ ವಾರ. ಬೇಸಿಗೆಯಲ್ಲಿ ಒಂದು ವಾರ ನಾವು ಬಿಳಿ ಬಟ್ಟೆ ಮಾತ್ರ ತೊಳೆಯುತ್ತೇವೆ. ಕಾಲುವೆ ತಿಳಿಯಾಗಿ ಹರಿಯುತ್ತದೆ. ಕೆಳದಂಡೆಯವರು ಆ ವಾರ ಮದುವೆ ಇಟ್ಟುಕೊಳ್ಳುತ್ತಾರೆ, ಮಕ್ಕಳನ್ನು ನೀರಿಗೆ ಬಿಡುತ್ತಾರೆ, ಸೋಸದೆ ಕುಡಿಯುತ್ತಾರೆ. ಯಾರೂ ಕುಡುಗೋಲು, ಕೊಕ್ಕೆ ಹಿಡಿದು ಗಡಿಕಲ್ಲು ದಾಟುವಂತಿಲ್ಲ. ಮೊದಲ ದಿನ ನಮ್ಮ ಕಡೆಯ ಮೂಸುಗಾರ ಗಡಿಕಲ್ಲಿನ ಹತ್ತಿರ ನಿಂತು, ಅವರೆಲ್ಲರ ಕಣ್ಣೆದುರು ಒಂದು ಬೋಗುಣಿ ನೀರು ಕುಡಿಯಬೇಕು. ಅವನು ಕುಡಿದರೆ ಅವರೂ ಕುಡಿಯುತ್ತಾರೆ.

ಮೂಸುಗಾರ ಎಂದರೇನೆಂದು ಹೇಳಬೇಕು. ಒಂಬತ್ತು ವರ್ಷದ ಹಿಂದೆ ಗುಂಡಿಯ ಒಳಗೆ ಬೆಂಕಿ ಹುಟ್ಟಿತು. ಬಟ್ಟೆಯ ಬೆಂಕಿ ಮೇಲೆ ಕಾಣುವುದಿಲ್ಲ, ಅಡಿಯಲ್ಲಿ ಹರಿದಾಡಿ ಎಲ್ಲೋ ಬಾಯಿ ತೆರೆಯುತ್ತದೆ. ನನ್ನ ಅಪ್ಪ ಕಾಲಿಟ್ಟ ಪದರ ಕುಸಿಯಿತು. ಪ್ಲಾಸ್ಟಿಕ್ ನೂಲು ಕರಗಿ ಅವನ ಮೈಗೆ ಮೆತ್ತಿಕೊಂಡಿತ್ತು. ಎಳೆದರೆ ತೊಗಲೂ ಬರುತ್ತಿತ್ತು, ಹಾಗಾಗಿ ಹಾಗೆಯೇ ಹೂಳಿದರು. ಅಲ್ಲಿಂದ ಈಚೆಗೆ ಯಾವ ಬಟ್ಟೆಯನ್ನು ಎಬ್ಬಿಸಿದರೂ ಮೊದಲು ಅದರ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿದು ಮೂಸುತ್ತಾರೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ, ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ, ಕಪ್ಪು ಹನಿಯಾಗಿ ಬೆರಳು ಸುಟ್ಟರೆ ಪ್ಲಾಸ್ಟಿಕ್. ನನ್ನ ಅಣ್ಣ ಓಬಳೇಶ ನಮ್ಮ ಮೂಸುಗಾರ. ಅವನ ಬೆರಳ ತುದಿಗಳಲ್ಲಿ ಉಗುರು ಉಳಿದಿರಲಿಲ್ಲ. ಅವನು ಜಂಬದ ಮನುಷ್ಯ, ಹಾಡುತ್ತಿದ್ದ, ನನಗೆ ಗಂಡು ಹುಡುಕುವ ನೆವದಲ್ಲಿ ಊರೂರು ತಿರುಗಿ ಬರೀ ಊಟ ಮಾಡಿಕೊಂಡು ಬರುತ್ತಿದ್ದ. ಅಪ್ಪನ ನಂತರ ನಮ್ಮ ಮನೆಗೆ ಇದ್ದ ಗಂಡುದಿಕ್ಕು ಅವನೊಬ್ಬನೇ.

ಹೋದ ಬೇಸಿಗೆ ಗುಂಡಿಯ ಮೂಡಣ ಮೂಲೆಯಲ್ಲಿ ಒಂದು ಹೊಸ ಪದರ ಸಿಕ್ಕಿತು. ಎಲ್ಲವೂ ದಪ್ಪನೆಯ ಬಿಳಿ ಬಟ್ಟೆ, ಒಂದೇ ಅಳತೆ, ಒಂದೇ ಹೊಲಿಗೆ. ಯಾವುದೋ ಕಾರ್ಖಾನೆಯ ಕೆಲಸಗಾರರ ಉಡುಪೋ, ಆಸ್ಪತ್ರೆಯ ಪರದೆಯೋ, ನಿಮಗೆ ಗೊತ್ತಿರಬೇಕು. ಓಬಳೇಶ ಎಳೆ ಕಿತ್ತು ದೀಪಕ್ಕೆ ಹಿಡಿದ. ಅದು ಹೊತ್ತಿಕೊಳ್ಳಲಿಲ್ಲ. ಮತ್ತೆ ಹಿಡಿದ. ತುದಿ ಕಂದಾಯಿತು, ಉರಿಯಲಿಲ್ಲ. ಇಡೀ ಅಂಗಿಯನ್ನೇ ಒಲೆಗೆ ಹಾಕಿದರು. ಒಲೆ ಆರಿತು.

ಬೆಂಕಿಯಲ್ಲಿ ಒಬ್ಬರನ್ನಾದರೂ ಕಳೆದುಕೊಳ್ಳದ ಮನೆ ನಮ್ಮಲ್ಲಿ ಇಲ್ಲ. ಅಂಥ ಊರಿನ ಕೈಗೆ ಉರಿಯದ ಬಟ್ಟೆ ಸಿಕ್ಕಿದರೆ ಏನಾಗುತ್ತದೆ ಎಂದು ನೀವೇ ಯೋಚಿಸಿ. ಹೆಂಗಸರು ಅದನ್ನು ಕಣ್ಣಿಗೆ ಒತ್ತಿಕೊಂಡು ಅತ್ತರು. ನನ್ನ ಅವ್ವ ಸುಂಕಮ್ಮ ಒಂದು ತುಂಡನ್ನು ಅಪ್ಪನ ಗೋರಿಯ ಮೇಲೆ ಹೊದಿಸಿ ಬಂದಳು. ‘ಇದು ಬೆಂಕಿ ಗೆದ್ದ ಅರಿವಿ ಕಣ್ರಲೇ’ ಎಂದು ಊರ ಹಿರಿಯ ಪೆನ್ನಪ್ಪ ಕಟ್ಟೆಯ ಮೇಲೆ ನಿಂತು ಕೂಗಿದ. ‘ಇಂಥಾದ್ದು ಮತ್ತ ಸಿಗತೈತೋ ಇಲ್ಲೋ. ಬಿಳಿ ವಾರಕ್ಕ ಇದನ್ನ ತೊಳೀರಿ. ಕೆಳದಂಡಿ ಮಂದೀನೂ ಉಟ್ಕೊಳ್ಳಲಿ, ಅವ್ರೂ ನಮ್ಮಂಗ ಮನುಷ್ಯಾರೇ.’ ಆ ಮುದುಕನ ಬಾಯಲ್ಲಿ ಅಂಥ ಮಾತು ನಾನು ಮೊದಲ ಸಲ ಕೇಳಿದೆ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಬಟ್ಟೆ ಯಾಕೆ ಉರಿಯಲಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಎಲ್ಲದಕ್ಕೂ ಬಾಯಿ ಹಾಕುವ ನಾನೂ ಕೇಳಲಿಲ್ಲ. ಸುಣ್ಣದ ನೀರಿನಲ್ಲಿ ನೆನೆಹಾಕಿದಾಗ ನೀರು ತಿಳಿಯಾಗಿಯೇ ಇತ್ತು. ತಿಳಿಯಾಗಿದ್ದರೆ ಒಳ್ಳೆಯ ನೀರು ಎಂದೇ ನಮ್ಮ ತಲೆಯಲ್ಲಿ ಕೂತಿತ್ತು, ಅವರ ತಲೆಯಲ್ಲೂ.

ಬಿಳಿ ವಾರದ ಮೊದಲ ದಿನ ಓಬಳೇಶ ಗಡಿಕಲ್ಲಿನ ಹತ್ತಿರ ಹೊಸ ಬಿಳಿ ಅಂಗಿ ತೊಟ್ಟು ನಿಂತು, ಬೋಗುಣಿ ಎತ್ತಿ ಗಟಗಟ ಕುಡಿದು, ಇನ್ನೊಂದು ತುಂಬಿಸಿಕೊಂಡು ಅದನ್ನೂ ಕುಡಿದ. ಕೆಳದಂಡೆಯ ಹುಡುಗಿಯರು ನಕ್ಕರು. ‘ಸಾಕೋ ಮಾರಾಯಾ, ನಮಗೂ ಒಂದೀಟು ಬಿಡು’ ಎಂದು ಅವರ ಪೈಕಿ ಮಾಬವ್ವ ಎಂಬ ಹೆಂಗಸು ಕೂಗಿದಳು. ಅವಳ ಸೊಂಟದ ಮೇಲೆ ಕೂಸು, ಪಕ್ಕದಲ್ಲಿ ಚಂದಿ ಎಂಬ ಮಗಳು. ಚಂದಿ ಓಡಿ ಹೋಗಿ ಕಾಲುವೆಗೆ ಹಾರಿತು.

ವಾರ ಮುಗಿಯುವ ಮುಂಚೆ ಕೆಳದಂಡೆಯ ಮಕ್ಕಳಿಗೆ ವಾಂತಿ ಹಿಡಿಯಿತು, ಆಮೇಲೆ ಕೈಕಾಲು ಸೆಳೆತ. ಬೆನ್ನು ಬಿಲ್ಲಿನಂತೆ ಬಾಗಿ, ಹಲ್ಲಿನ ನಡುವೆ ನಾಲಿಗೆ ಸಿಕ್ಕಿ ತುಂಡಾಗಿ ಸತ್ತರಂತೆ. ಮದುವೆಯ ಚಪ್ಪರದ ಕೆಳಗೇ ಮಕ್ಕಳನ್ನು ಸಾಲಾಗಿ ಮಲಗಿಸಿದರಂತೆ. ಓಬಳೇಶನಿಗೂ ನಡುಕ ಹಿಡಿದು ಅವನು ಹಲ್ಲುಗಾಲಿಯ ಕೊಟ್ಟಿಗೆಯಲ್ಲಿ ಅರಳೆಯ ಮೇಲೆ ಬಿದ್ದುಕೊಂಡಿದ್ದ. ಬಿಸಿಲಿಗೆ ಇರಬೇಕು ಎಂದುಕೊಂಡೆವು.

ಕೆಳದಂಡೆಯವರು ಬಂದದ್ದು ನಡುಮಧ್ಯಾಹ್ನ. ಬಿಳಿ ವಾರದಲ್ಲಿ ಕುಡುಗೋಲು ಹಿಡಿದು ಗಡಿಕಲ್ಲು ದಾಟಿದ್ದು ಅದೇ ಮೊದಲು. ನಮ್ಮವರು ಪದ್ಧತಿಯಂತೆ ಕೊಕ್ಕೆಗಳನ್ನು ಗುಂಡಿಯ ಕೆಳಗೆ ಇಟ್ಟು ಬರಿಗೈಯಲ್ಲಿದ್ದರು. ಕಾವಲಿಗಿದ್ದ ಹುಡುಗನ ಹೊಟ್ಟೆ ಬಗೆದರು. ಅವನು ಕರುಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ‘ಏ, ಬಿಳಿ ವಾರ, ಬಿಳಿ ವಾರ’ ಎನ್ನುತ್ತ ಕುಕ್ಕರಿಸಿದ. ತೊಟ್ಟಿಯ ಬಳಿ ಬಟ್ಟೆ ಹಿಂಡುತ್ತಿದ್ದ ಹೆಂಗಸರನ್ನು ಕೂದಲು ಹಿಡಿದು ಎಳೆದು ಒಂದು ಕಡೆ ಕೂಡಿಸಿದರು. ‘ನೀರಾಗ ಏನ್ ತೊಳದೀರಿ?’ ಎಂದು ಅವರ ಮುಂದೆ ನಿಂತಿದ್ದ ಮಾಬವ್ವ ಕೂಗಿದಳು. ಪೆನ್ನಪ್ಪ ಕೈಮುಗಿದುಕೊಂಡು ಅವಳೆದುರು ಬಂದ. ಅವನಿಗೆ ಬುದ್ಧಿಯಿತ್ತು. ‘ಇದು ಮಾಮೂಲಿ ಅರಿವಿ ತಾಯಿ. ಪ್ರತಿ ವರ್ಷ ತೊಳ್ಯಾದೇ ಇದು. ನಮ್ಮ ಹುಡುಗ ನಿಮ್ಮ ಮುಂದ ಕುಡಿದಾನ. ನಿಮ್ಮ ಬಾವ್ಯಾಗ ಏನ್ ಬಿದ್ದೈತೋ ನೋಡ್ಕೋರಿ’ ಎಂದ. ನಮ್ಮವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಗುಂಪಿನಲ್ಲಿ ಗುಸುಗುಸು ಹುಟ್ಟಿತು. ಕೆಲವರು ಕುಡುಗೋಲು ಇಳಿಸಿದ್ದನ್ನು ನಾನು ಕಂಡೆ. ಅಷ್ಟಕ್ಕೇ ಬಿಟ್ಟಿದ್ದರೆ ಅವರು ತಿರುಗಿ ಹೋಗುತ್ತಿದ್ದರೋ ಏನೋ.

ಆದರೆ ಮಾಬವ್ವ ನನ್ನನ್ನು ನೋಡಿದಳು. ಅವಳ ಬೆನ್ನಿಗೆ ಒಂದು ಗಂಟು ಕಟ್ಟಿತ್ತು. ಅದು ಚಂದಿ ಎಂದು ನನಗೆ ಆಮೇಲೆ ತಿಳಿಯಿತು. ಹಿಂದಿನ ವರ್ಷ ಬಿತ್ತನೆಯ ಹೊತ್ತಿಗೆ ನಮ್ಮವರು ಕದ್ದು ಕಪ್ಪು ನೀರು ಬಿಟ್ಟಾಗ, ಕೇಳಿದವರಿಗೆ ಹೌದೆಂದು ಹೇಳಿ ಊರಿನವರ ಕೈಯಲ್ಲಿ ಒದೆ ತಿಂದವಳು ನಾನು. ಅದು ಅವಳಿಗೆ ಗೊತ್ತಿತ್ತು. ‘ಆ ಹುಡುಗೀನ ಕೇಳ್ತೀನಿ’ ಎಂದಳು. ‘ಏ ಹುಲುಗೀ, ಹೇಳವ್ವಾ. ಅದು ಮಾಮೂಲಿ ಅರಿವಿ ಏನು?’

ಅವ್ವ ನನ್ನ ತೊಡೆ ಚಿವುಟಿದಳು. ಪೆನ್ನಪ್ಪ ನನ್ನ ಕಡೆ ನೋಡಲೇ ಇಲ್ಲ.

‘ಅಲ್ಲ’ ಎಂದೆ. ‘ಅದು ಉರೀಲಿಲ್ಲ. ನಾವು ಅದನ್ನ ಭಾಗ್ಯ ಅಂದ್ಕೊಂಡ್ವಿ, ನಿಮಗೂ ಇರ್ಲಿ ಅಂತ...’

ಮುಂದಿನದನ್ನು ಯಾರೂ ಕೇಳಲಿಲ್ಲ. ಬೇರೆ ಥರದ ಬಟ್ಟೆ ಎಂದು ನಮಗೆ ಮೊದಲೇ ಗೊತ್ತಿತ್ತು ಎಂಬಷ್ಟೇ ಅವರ ಕಿವಿಗೆ ಬಿತ್ತು. ನನ್ನ ಮಾತಿನ ಉಳಿದ ಅರ್ಧ ನನ್ನ ಬಾಯಲ್ಲೇ ಇದ್ದಾಗ ಪೆನ್ನಪ್ಪನ ಕುತ್ತಿಗೆಗೆ ಕುಡುಗೋಲು ಬಿತ್ತು. ಅವನು ಆಶ್ಚರ್ಯದಿಂದ ತನ್ನದೇ ರಕ್ತವನ್ನು ಮುಟ್ಟಿ ನೋಡಿಕೊಂಡ. ಆಮೇಲೆ ನಮ್ಮವರು ಸಿಕ್ಕಿದ್ದನ್ನು ಹಿಡಿದರು: ಕತ್ತರಿ, ಹಿಂಡುವ ಕಟ್ಟಿಗೆ, ಸುಣ್ಣದ ಬಕೆಟ್ಟು. ಸುಣ್ಣ ಕಣ್ಣಿಗೆ ಬಿದ್ದವರ ಕೂಗು ಗುಂಡಿಯೊಳಗಿಂದ ತಿರುಗಿ ಬರುತ್ತಿತ್ತು. ಓಬಳೇಶ ಕೊಟ್ಟಿಗೆಯಿಂದ ಗೋಡೆ ಹಿಡಿದುಕೊಂಡು ಹೊರಗೆ ಬಂದ. ಅವನ ಗಲ್ಲ ತಾನಾಗಿ ಅದುರುತ್ತಿತ್ತು. ‘ನಾನೂ ಕುಡಿದೀನಿ ಮಾಬವ್ವಾ. ನಿನ್ನ ಮುಂದ ಕುಡಿದೀನಲ್ಲ’ ಎಂದ. ‘ಕುಡಿದು ಎದ್ದು ನಿಂತೀಯಲ್ಲೋ’ ಎಂದಳು ಅವಳು. ‘ನನ್ನ ಮಗಳು ನಿಲ್ಲಾಕ ಒಲ್ಲಳು.’

ಅವನನ್ನು ತೊಟ್ಟಿಗೆ ಎಳೆದರು. ಬಿಳಿ ಬಟ್ಟೆ ಇನ್ನೂ ಅದರಲ್ಲೇ ನೆನೆಯುತ್ತಿತ್ತು. ನಾಲ್ಕಾರು ಜನ ಅವನ ಬೆನ್ನ ಮೇಲೆ ಮೊಣಕಾಲೂರಿ ತಲೆಯನ್ನು ನೀರಿಗೆ ಅದ್ದಿದರು, ಕುಡಿ ಕುಡಿ ಎಂದರು, ಎತ್ತಿದರು, ಮತ್ತೆ ಅದ್ದಿದರು. ನಾನು ಒಬ್ಬನ ಭುಜಕ್ಕೆ ಕತ್ತರಿ ಇಳಿಸಿದೆ. ಅದು ಎಲುಬಿಗೆ ಸಿಕ್ಕಿ ಹೊರಬರಲಿಲ್ಲ. ಇನ್ನೊಬ್ಬನ ಕಿವಿ ಕಚ್ಚಿ ಹರಿದೆ. ನನ್ನ ಮುಖಕ್ಕೆ ಕುಡುಗೋಲಿನ ಹಿಡಿ ಬಿದ್ದು ಮುಂದಿನ ಹಲ್ಲುಗಳು ಹೋದವು. ನೆಲದಿಂದ ನೋಡುತ್ತಿದ್ದಾಗ ಓಬಳೇಶನ ಕಾಲುಗಳು ಒದ್ದಾಡುವುದು ಕಾಣುತ್ತಿತ್ತು. ಅವು ನಿಂತ ಮೇಲೂ ಅವರು ಅದ್ದುತ್ತಿದ್ದರು. ಕೊನೆಗೆ ಮಾಬವ್ವಳೇ ಬಿಡ್ರಿ ಎಂದಳು. ಬೆನ್ನಿನ ಗಂಟನ್ನು ಬಿಚ್ಚಿ, ಚಂದಿಯ ಹೆಣವನ್ನು ತೊಟ್ಟಿಯ ಕಟ್ಟೆಯ ಮೇಲೆ ನಮ್ಮೆಲ್ಲರಿಗೂ ಕಾಣುವಂತೆ ಕೂಡಿಸಿದಳು. ಅದು ಕೂರಲಿಲ್ಲ, ಬೆನ್ನು ಹಿಂದಕ್ಕೆ ಬಾಗಿಯೇ ಗಟ್ಟಿಯಾಗಿತ್ತು. ಅವಳು ಅದನ್ನು ಮತ್ತೆ ಎತ್ತಿಕೊಂಡು ಹೋದಳು.

ಹೋಗುವಾಗ ಅವರು ತೊಟ್ಟಿಯನ್ನು ಒಡೆಯಲಿಲ್ಲ. ಅದರ ನೀರು ಹೊರಡುವ ಬಾಯಿಗೆ ಕಲ್ಲು, ಮಣ್ಣು ತುಂಬಿ ಒಂದು ಹನಿಯೂ ಕಾಲುವೆಗೆ ಹೋಗದಂತೆ ಮುಚ್ಚಿದರು. ಕೆಳದಂಡೆಯ ಉಳಿದ ಮಕ್ಕಳು ಬದುಕಿದವು. ಮಾಬವ್ವನ ಸೊಂಟದ ಕೂಸೂ ಬದುಕಿದೆಯಂತೆ. ನಾನು ಮಾಮೂಲಿ ಅರಿವೆ ಎಂದಿದ್ದರೆ ಅವರು ಬಾವಿಯನ್ನು ಬೈದು, ಮನೆಗೆ ಹೋಗಿ, ಉಳಿದ ಮಕ್ಕಳಿಗೆ ಅದೇ ಕಾಲುವೆಯ ನೀರನ್ನು ಕುಡಿಸುತ್ತಿದ್ದರು. ಈ ಲೆಕ್ಕಾಚಾರವನ್ನೆಲ್ಲ ನಾನು ಆಮೇಲೆ ಹಾಕಿದ್ದು. ಆಗ ನನ್ನ ಬಾಯಿಂದ ‘ಅಲ್ಲ’ ಎಂದು ಬಂದದ್ದು ಯಾರನ್ನೋ ಉಳಿಸಲಿಕ್ಕೆ ಅಲ್ಲ. ಕೇಳಿದರು, ಹೇಳಿದೆ, ಅಷ್ಟೆ. ಒಳ್ಳೆಯವಳಂತೆ ಬರೆದುಕೊಳ್ಳಲು ನನಗೆ ಬರುವುದಿಲ್ಲ.

ಅವ್ವ ಓಬಳೇಶನ ಮುಖ ಒರೆಸುತ್ತ ಹೇಳಿದ್ದು ಒಂದೇ ಮಾತು. ‘ಒಂದ ಸುಳ್ಳಲೇ. ಒಂದ. ಹಡೆದವಳ ಸಲುವಾಗಿ ಒಂದ ಸುಳ್ಳು ಬರಲಿಲ್ಲೇನ ನಿನ್ನ ಬಾಯಾಗ?’ ನನ್ನ ಬಾಯಲ್ಲಿ ಆಗ ರಕ್ತ ತುಂಬಿತ್ತು. ಅಂದಿನಿಂದ ಅವಳು ನನ್ನ ತಟ್ಟೆಗೆ ಇದ್ದಷ್ಟು ಮುದ್ದೆ ಹಾಕುತ್ತಾಳೆ, ಮುಖ ನೋಡುವುದಿಲ್ಲ. ಮಳೆ ಬೀಳುವ ಮುಂಚೆ ನಮ್ಮ ಗಂಡಸರು ಹೋಗಿ ಕೆಳದಂಡೆಯ ಸಜ್ಜೆಮೇವಿನ ಬಣವೆಗಳಿಗೆ ಬೆಂಕಿ ಇಟ್ಟು ಬಂದರು, ಅದರೊಳಗೆ ಅಡಗಿದ್ದವರ ಸಮೇತ. ಈಗ ಬೇರೆ ತೊಟ್ಟಿ ಕಟ್ಟಿ ಬಣ್ಣದ ಬಟ್ಟೆ ತೊಳೆಯುತ್ತಿದ್ದೇವೆ, ಬಿಳಿ ವಾರ ಇಲ್ಲ. ಕಾಲುವೆಯ ಎರಡೂ ಕಡೆ ಕಾವಲು. ಬಟ್ಟೆಗೆ ಸಜ್ಜೆ ಕೊಡುವವರಿಲ್ಲ, ಸಜ್ಜೆಗೆ ಬಟ್ಟೆ ಕೊಡುವವರಿಲ್ಲ. ನಾವು ಉಟ್ಟುಕೊಂಡು ಉಪವಾಸ ಇದ್ದೇವೆ, ಅವರು ಉಂಡು ಗೋಣಿ ಸುತ್ತಿಕೊಂಡಿದ್ದಾರೆ.

ನಾನು ಈ ವಾರ ಉಪ್ಪಿನ ಗಾಡಿಗಳ ಜೊತೆ ಹೊರಡುತ್ತಿದ್ದೇನೆ. ನಿಮ್ಮವರು ಬಟ್ಟೆ ತುಂಬಿದ ಗುಂಡಿ ಇದೊಂದೇ ಅಲ್ಲವಂತೆ. ಕರಾವಳಿಯ ದಾರಿಯಲ್ಲಿ ಇನ್ನೂ ಇವೆಯಂತೆ. ಅಲ್ಲೂ ಬೆಂಕಿಗೆ ಹೆದರಿದ ಜನ ಇರುತ್ತಾರೆ. ಅಲ್ಲೂ ಯಾರೋ ಒಬ್ಬರ ಕೈಗೆ ಅಂಥ ಬಿಳಿ ಅರಿವೆ ಸಿಕ್ಕಿ, ಅವರು ಅದನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿರಬಹುದು. ಅದನ್ನು ನೆನೆಹಾಕಬೇಡಿ ಎಂದು ಹೇಳಬೇಕು. ನಂಬುತ್ತಾರೋ, ಕಲ್ಲು ಹೊಡೆಯುತ್ತಾರೋ ಗೊತ್ತಿಲ್ಲ. ಹಲ್ಲಿಲ್ಲದ ಬಾಯಿಂದ ಮಾತು ಸರಿಯಾಗಿ ಹೊರಡುವುದಿಲ್ಲ, ಆದರೂ ಹೇಳುತ್ತೇನೆ.

ನಿಮ್ಮಲ್ಲಿ ಒಂದು ಕೋರಿಕೆ ಇದೆ. ಬಟ್ಟೆ ಕಡಿಮೆ ಉಡಿ, ಹೆಚ್ಚು ದಿನ ಉಡಿ ಎಂದು ನಾನು ಹೇಳಿದರೆ ನೀವು ಕೇಳುವುದಿಲ್ಲ. ಗುಂಡಿಯ ಆಳ ನೋಡಿದವಳಿಗೆ ಅದು ಗೊತ್ತು. ಮರುಬಳಕೆ ಮಾಡುತ್ತೇವೆ ಎಂದು ಹೇಳಿಕೊಂಡು ನೀವು ನೆಮ್ಮದಿಯಾಗಿ ಕೈತೊಳೆದುಕೊಂಡಿರಿ. ಆ ಮರುಬಳಕೆ ಮಾಡುವವರು ಇಷ್ಟು ವರ್ಷ ಆದಮೇಲೆ ಹುಟ್ಟಿದ ನಾವು. ಹಾಗಾದರೆ ನಮಗೆ ಒಂದು ನಿಜ ಹೇಳಿ. ಉರಿಯದಿರಲಿ ಎಂದು, ಸುಕ್ಕಾಗದಿರಲಿ ಎಂದು, ಕಲೆ ಹಿಡಿಯದಿರಲಿ ಎಂದು ಆ ಬಟ್ಟೆಗಳಿಗೆ ಏನೇನು ಕುಡಿಸಿದಿರಿ? ಯಾರಾದರೂ ಒಬ್ಬರು, ಮಾಡುವ ಜಾಗದಲ್ಲಿ ಕೆಲಸ ಮಾಡುವವರು, ಗಟ್ಟಿಯಾಗಿ ಹೇಳಿ. ಅಂಗಡಿಯವರನ್ನು ಕೇಳಿ, ಅವರು ಮಾಮೂಲಿ ಬಟ್ಟೆ ಎಂದರೆ ಇನ್ನೊಮ್ಮೆ ಕೇಳಿ. ಅಷ್ಟು ಹೇಳಿದ್ದಕ್ಕೆ ನಿಮ್ಮ ಅಣ್ಣನನ್ನು ಯಾರೂ ತೊಟ್ಟಿಯಲ್ಲಿ ಮುಳುಗಿಸುವುದಿಲ್ಲ. ನಿಮ್ಮ ಅವ್ವ ನಿಮ್ಮ ಮುಖ ನೋಡುವುದನ್ನು ಬಿಡುವುದಿಲ್ಲ. ನಿಮ್ಮ ಕಾಲದಲ್ಲಿ ಆ ಮಾತು ಇನ್ನೂ ಅಗ್ಗ.

ಗಾಡಿಯವರು ಕೂಗುತ್ತಿದ್ದಾರೆ. ಅವ್ವ ಒಳಗೆ ಇದ್ದಾಳೆ, ಹೊರಗೆ ಬಂದಿಲ್ಲ. ನಾನು ಹೊರಟೆ.

ಹುಲುಗಿ